ನಂಬಿಕೆಗೆ ಒತ್ತೆಯಿಟ್ಟ ಚಪ್ಪಲಿಗಳು

ಮಾನ್ಯ ಕಾರ್ಖಾನೆ ಇನ್ಸ್‌ಪೆಕ್ಟರ್ ಸಾಹೇಬರೇ,

ಸರ್ಕಾರ ಗೊತ್ತುಮಾಡಿದ ಕನಿಷ್ಠ ಕೂಲಿ ಕೊಡಿಸುತ್ತೇನೆ ಎಂದಿರಿ, ಕೊಡಿಸಲಿಲ್ಲ. ಹೊಸದಾಗಿ ಸೇರಿದವರ ಕೈಗೆ ನೇಮಕದ ಚೀಟಿ ಬರುತ್ತದೆ ಎಂದಿರಿ, ಬರಲಿಲ್ಲ. ಕೆಲಸದ ಹೊತ್ತಿನಲ್ಲಿ ಹಿಂಬಾಗಿಲಿಗೆ ಬೀಗ ಇರಕೂಡದು ಎಂದು ಮಾಲೀಕರ ಎದುರಿಗೇ ಗುಡುಗಿದಿರಿ, ಬೀಗ ಇದೆ. ಕಾಫಿ ಕುಡಿದು ಹೊರಡುತ್ತೇನೆ ಎಂದಿರಿ, ಕುಡಿದಿರಿ, ಹೊರಟಿರಿ. ನಾಲ್ಕರಲ್ಲಿ ಪೂರ್ತಿಯಾಗಿ ನೆರವೇರಿದ್ದು ಅದೊಂದೇ.

ಕಳೆದ ವಾರ ಯಶವಂತಪುರದಲ್ಲಿ ಮಾಲೀಕರ ಸಭೆಗೆ ಹೋಗಿ ನೀವು ಮಾಡಿದ ಭಾಷಣವನ್ನು ಪತ್ರಿಕೆಯಲ್ಲಿ ಓದಿದೆ. ‘ಹೊಸದಾಗಿ ಸೇರುವ ಕಾರ್ಮಿಕರು ನಂಬಿಕೆಗೆ ಅರ್ಹರಲ್ಲ. ಇಂದು ಬಂದವರು ನಾಳೆ ಇರುವುದಿಲ್ಲ’ ಎಂದಿದ್ದೀರಿ. ಚಪ್ಪಾಳೆಯೂ ಬಿತ್ತಂತೆ. ಸ್ವಾಮಿ, ನಾಳೆಯವರೆಗೆ ಉಳಿಯಲು ಇವತ್ತು ಹೊಟ್ಟೆಗೆ ಬೀಳಬೇಕಲ್ಲವೇ? ಅರ್ಧ ಕೂಲಿ ಕೊಟ್ಟು ಪೂರ್ತಿ ನಿಷ್ಠೆ ಕೇಳುವುದು ಯಾವ ಕಾನೂನಿನ ಯಾವ ಕಲಮಿನಲ್ಲಿದೆ, ದಯವಿಟ್ಟು ತೋರಿಸಿ.

ಗೊರಗುಂಟೆಪಾಳ್ಯದ ಒಳಗಲ್ಲಿಯ ಆ ಶೆಡ್ಡನ್ನು ನೀವು ನೋಡಿದ್ದೀರಿ. ನಲವತ್ತು ಚಿಲ್ಲರೆ ಹೆಂಗಸರು ಅಲ್ಲಿ ಪರದೇಶದವರು ತೊಡುವ ಅಂಗಿಗಳಿಗೆ ಕಾಲರು ಹೊಲಿಯುತ್ತಾರೆ. ನನ್ನ ತಂಗಿ ಪಾರವ್ವ ಅವರಲ್ಲೊಬ್ಬಳು. ಹೊಲಿದ ಮೇಲೆ ಉಳಿದ ದಾರದ ತುದಿ ಕತ್ತರಿಸುವ ಹೆಲ್ಪರ್. ನೀವು ನೋಡದ ಒಂದು ವಿಷಯವಿದೆ. ಯುಗಾದಿ ಕಳೆದ ಮೇಲೆ ಕೆಲವು ಹುಡುಗಿಯರು ಊಟದ ಬಿಡುವಿನಲ್ಲಿ ಎದುರು ಗಲ್ಲಿಯ ಶೆಡ್ಡಿಗೆ ಹೋದರು. ಅಲ್ಲಿ ದಿನಕ್ಕೆ ಎಂಟಾಣೆ ಹೆಚ್ಚು ಕೊಡುತ್ತಿದ್ದರು. ತಿರುಗಿ ಬರಲಿಲ್ಲ. ಮಾಲೀಕರು ಎಂಟಾಣೆ ಹೆಚ್ಚಿಸಿದರೇ? ಇಲ್ಲ. ಬೆಳಿಗ್ಗೆ ಒಳಗೆ ಬರುವಾಗಲೇ ಎಲ್ಲರ ಚಪ್ಪಲಿ ಕಳಚಿಸಿ, ಗೋಣಿಚೀಲಕ್ಕೆ ತುಂಬಿಸಿ, ಹಿಂಬಾಗಿಲ ಪಕ್ಕದ ಕೋಣೆಯಲ್ಲಿಟ್ಟು ಬೀಗ ಹಾಕಿಸಿದರು. ಸಂಜೆ ಕೆಲಸ ಬಿಟ್ಟಾಗ ವಾಪಸ್ಸು. ಮಧ್ಯಾಹ್ನದ ಬಿಸಿಲಿಗೆ ಕಾದ ತುಮಕೂರು ರಸ್ತೆಯ ಡಾಂಬರಿನ ಮೇಲೆ ಬರಿಗಾಲಲ್ಲಿ ಯಾರು ಎಷ್ಟು ದೂರ ಓಡಿಯಾರು?

ನಮ್ಮಲ್ಲಿ ಅನೇಕರ ತಂದೆ ತಾಯಿ ಊರ ದೊಡ್ಡವರ ಮನೆ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರು. ಅದು ಸಾಕೆಂದು ನಗರಕ್ಕೆ ಬಂದೆವು. ಈ ಎಂಬತ್ನಾಲ್ಕನೇ ಇಸವಿಯಲ್ಲಿ ನಗರ ಆ ಚಪ್ಪಲಿಯನ್ನೇ ಗೋಣಿಚೀಲಕ್ಕೆ ಹಾಕಿ, ಅದಕ್ಕೆ ಶಿಸ್ತು ಎಂದು ಹೆಸರಿಟ್ಟಿದೆ.

ಹೋದ ತಿಂಗಳ ಒಂದು ಮಧ್ಯಾಹ್ನ, ಸೇರಿ ಮೂರು ದಿನವೂ ಆಗದ ಹುಡುಗಿಯೊಬ್ಬಳು ಕಾದ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ನೀರು ಕುಡಿಯಲು ಹೋದಳು. ಹೇಳಿಕೊಡಬೇಕಾದವಳು ಹಿಂದಿನ ವಾರವೇ ಕೆಲಸ ಬಿಟ್ಟಿದ್ದಳು. ಬಟ್ಟೆ ಹೊತ್ತಿತು, ಕೆಳಗಿದ್ದ ಚಿಂದಿಯ ರಾಶಿಯೂ ಹೊತ್ತಿತು. ಇಸ್ತ್ರಿ ಮೇಜಿರುವುದು ಶೆಡ್ಡಿನ ನಡುವೆ. ಮುಂದಿನ ಷಟರ್ ತೆರೆದೇ ಇತ್ತು. ಹೆಂಗಸರು ಯಾವ ಕಡೆ ಓಡಿದರು ಗೊತ್ತೇ? ಹಿಂದಕ್ಕೆ. ಬೆಂಕಿಯನ್ನು ದಾಟಿಕೊಂಡು, ಚಪ್ಪಲಿ ಕೋಣೆಯ ಕಡೆಗೆ!

ಕೋಣೆಗೆ ಬೀಗ. ಹಿಂಬಾಗಿಲಿಗೂ ಬೀಗ. ಬೀಗದ ಕೈಗಳಿದ್ದದ್ದು ಸೂಪರ್‌ವೈಸರ್ ಚಿಕ್ಕಬೈರಪ್ಪನ ಜೇಬಿನಲ್ಲಿ; ಚಿಕ್ಕಬೈರಪ್ಪ ಇದ್ದದ್ದು ಟೀ ಅಂಗಡಿಯಲ್ಲಿ. ತಿರುಗಿ ಬರುವ ದಾರಿಯನ್ನು ಹೊಗೆ ಮುಚ್ಚಿತು. ಕಟಿಂಗ್ ಮಾಸ್ಟರ್ ರಹಮತುಲ್ಲಾ ಕುಡಿಯುವ ನೀರಿನ ಡ್ರಮ್ಮನ್ನು ಹಾಗೆಯೇ ಬೆಂಕಿಯ ಮೇಲೆ ಉರುಳಿಸದಿದ್ದರೆ ಈ ಪತ್ರವನ್ನು ನಾನು ಬೇರೆ ರೀತಿ ಬರೆಯುತ್ತಿದ್ದೆ.

ಆ ಸಂಜೆ ಪಾರವ್ವನನ್ನು ಬೈದೆ. ‘ಜೀವಕ್ಕಿಂತ ಚಪ್ಪಲಿ ಹೆಚ್ಚಾತೇನ ನಿನಗ?’

‘ಅಣ್ಣಾ, ಹೊಗಿ ನೋಡಿದ ಮ್ಯಾಗ ವಿಚಾರ ಯಾರ್ ಮಾಡ್ತಾರ? ಕಾಲೇ ಆ ಕಡೆ ಓಡಿದ್ವು. ಹ್ವಾದ ತಿಂಗಳಷ್ಟ ತಗೊಂಡೇನಿ. ಸುಟ್ಟು ಹ್ವಾದ್ರ ಇನ್ನೊಂದ್ ಜೋಡ ನೀ ಕೊಡಸ್ತೀಯೇನು?’

ಅವಳ ಪಕ್ಕದ ಮಿಷನ್ನಿನ ಗೋಪಾಲಮ್ಮ, ಕೊಡಿಗೇಹಳ್ಳಿಯವರು, ಅಂದು ಹೊಗೆಯೊಳಗಿಂದ ಹುಡುಗಿಯರನ್ನು ಜಡೆ ಹಿಡಿದು ಎಳೆತಂದವರು, ಅವಳನ್ನು ಮನೆಗೆ ಬಿಡಲು ಬಂದು ಬಾಗಿಲಲ್ಲೇ ನಿಂತಿದ್ದರು. ‘ಬಯ್ಬ್ಯಾಡ ಬಿಡಪ್ಪಾ. ಇಂಗೇ ಆದ್ರೆ ಒಂದಿನ ಚಪ್ಲಿ ಉಳೀತವೆ, ಆಕ್ಕೊಳಾಕೆ ಕಾಲೇ ಇರಾಕಿಲ್ಲ’ ಎಂದು ನಕ್ಕರು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ನಿಮ್ಮ ಕಚೇರಿ ಇದನ್ನು ‘ಸಣ್ಣ ಅವಘಡ, ಕೆಲವು ಕಾಲರುಗಳ ನಷ್ಟ’ ಎಂದು ಮುಗಿಸಿತು. ಆ ಹುಡುಗಿಯನ್ನು ಅಂದೇ ಹೊರಗಟ್ಟಿದರು. ಕಾರಣ ನಿಮ್ಮ ಮೆಚ್ಚಿನದೇ: ನಂಬಿಕೆಗೆ ಅರ್ಹಳಲ್ಲ.

ನಾನು ಚಿಕ್ಕಬೈರಪ್ಪನನ್ನು ಅದೇ ಟೀ ಅಂಗಡಿಯಲ್ಲಿ ಹಿಡಿದು ಕೇಳಿದೆ. ‘ಬೀಗ ತೆಗೆದ್ರೆ ಮಧ್ಯಾಹ್ನಕ್ಕೆ ಅರ್ಧ ಶೆಡ್ ಖಾಲಿ ಕಣ್ರೀ. ನಾನೇನ್ ಮಾಡ್ಲಿ ಗುರು? ನನ್ಗೇನ್ ಬಂಗಾರ ಸುರೀತಾರಾ? ನಾನೂ ಬೇರೆ ಕಡೆ ನೋಡ್ತಾ ಇದೀನಿ’ ಎಂದ.

ನೋಡಿಯೇ ಬಿಟ್ಟ, ಸಾಹೇಬರೇ. ಹೋದ ಶನಿವಾರ ಎಲ್ಲರ ಚಪ್ಪಲಿ ಹಿಂದಿರುಗಿಸಿ ಹೋದವನು ಸೋಮವಾರ ಬರಲಿಲ್ಲ. ಕಾವಲಿಗೆ ಇಟ್ಟವನೇ ಓಡಿಹೋದ, ಬೀಗದ ಕೈಗಳೂ ಅವನ ಜೇಬಿನಲ್ಲೇ ಹೋದವು. ಚಪ್ಪಲಿ ಕೋಣೆಯ ಬೀಗವನ್ನು ಮಾಲೀಕರು ಬೆಳಿಗ್ಗೆಯೇ ಒಡೆಸಿ ಹೊಸದು ಹಾಕಿಸಿದರು. ಅದು ಅವಸರದ ಕೆಲಸವಲ್ಲವೇ! ಹಿಂಬಾಗಿಲಿನದು ಹಾಗೇ ಇದೆ. ಕೇಳಿದರೆ, ‘ಆ ಬಾಗಿಲು ಯಾರೂ ಬಳಸಲ್ಲವಲ್ಲ’ ಎಂದರು.

ಈಗ ಅರ್ಥವಾಯಿತೇ? ಆ ಬಾಗಿಲಿಗೆ ಬೀಗವಿದೆ, ಬೀಗಕ್ಕೆ ಕೈ ಇಲ್ಲ. ಇಸ್ತ್ರಿ ಮೇಜು ಅಲ್ಲೇ ಇದೆ. ಚಿಂದಿ ಮತ್ತೆ ರಾಶಿಯಾಗಿದೆ. ಮೇಜಿಗೆ ಇನ್ನೊಬ್ಬಳು ಹೊಸಬಳು ಬಂದಿದ್ದಾಳೆ. ಅವಳಿಗೂ ಯಾರೂ ಏನೂ ಹೇಳಿಕೊಟ್ಟಿಲ್ಲ. ಮುಂದಿನ ಸಲ ಹೊಗೆ ಎದ್ದಾಗಲೂ ಅವರು ಹಿಂದಕ್ಕೇ ಓಡುತ್ತಾರೆ, ಯಾಕೆಂದರೆ ಚಪ್ಪಲಿ ಅಲ್ಲೇ ಇದೆ, ಮತ್ತು ಇನ್ನೊಂದು ಜೊತೆ ಕೊಳ್ಳುವ ಕೂಲಿ ನೀವು ಇನ್ನೂ ಕೊಡಿಸಿಲ್ಲ. ಅಂದು ನೀರಿನ ಡ್ರಮ್ಮು ತುಂಬಿರುತ್ತದೆ ಎಂದು ನೀವು ಬರೆದುಕೊಡುತ್ತೀರಾ?

ನಾವು ಕೇಳುವುದು ಇಷ್ಟು. ಆ ಬೀಗ ಒಡೆಸಿ. ಚಪ್ಪಲಿ ಅವರವರ ಕಾಲಲ್ಲಿರಲಿ. ನೀವೇ ಸಾರಿದ ಕೂಲಿಯನ್ನು ಕೊಡಿಸಿ. ಆಮೇಲೆ ಯಾರು ಓಡಿಹೋಗುತ್ತಾರೋ ನಾನೂ ನೋಡುತ್ತೇನೆ. ಮನವಿ ಪತ್ರಗಳ ಕಾಲ ಮುಗಿಯಿತು. ಶೆಡ್ಡಿನವರೆಲ್ಲ ಆ ಹಿಂಬಾಗಿಲ ಹೊರಗೆ ಸೇರುತ್ತಾರೆ. ನೀವೂ ಬನ್ನಿ, ಚಪ್ಪಲಿ ಹಾಕಿಕೊಂಡೇ ಬನ್ನಿ. ನಮ್ಮಲ್ಲಿ ಯಾರೂ ಕಸಿದುಕೊಳ್ಳುವುದಿಲ್ಲ. ಬೀಗದ ಕೈ ತಂದರೆ ಸರಿ. ತರದಿದ್ದರೆ ಸುತ್ತಿಗೆ ತರುವುದಾಗಿ ರಹಮತುಲ್ಲಾ ಹೇಳಿದ್ದಾರೆ, ಮತ್ತು ಅವರು ನಂಬಿಕೆಗೆ ಅರ್ಹರು. ಬರುವ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.

ಇಂತಿ,
ತಂಗಿಗೆ ಇನ್ನೊಂದು ಜೊತೆ ಚಪ್ಪಲಿ ಕೊಡಿಸಲಾರದ ಅಣ್ಣ,
ವೀರಬಸಪ್ಪ