ಮೇಲಿನ ಮನೆಯವಳ ಶೇರು

ಜೂನ್ ೩, ಸೋಮವಾರ. ಬೆಳಿಗ್ಗೆ

ಶೇರು ಮಾರ್ಕೆಟ್ಟು ತೆಗೆದು ಕಾಲು ಗಂಟೆ ಆಗಿಲ್ಲ, ಆಗಲೇ ಟೀವಿ ತುಂಬ ಕೆಂಪು. ಟೈ ಕಟ್ಟಿಕೊಂಡವನು "ಗಾಬರಿ ಬೇಡ" ಅಂತ ಗಾಬರಿಯಿಂದ ಅರಚುತ್ತಿದ್ದಾನೆ. ನಮ್ಮ ಪಂಪಿನ ಕಂಪನಿ ಮತ್ತೆ ಇಳಿಯಿತು. ಇಳಿಯಲಿ. ನನ್ನದು ಇಳಿದರೆ ಮೇಲಿನವಳದೂ ಇಳಿದ ಹಾಗೇ. ನಮ್ಮ ಗಂಡಂದಿರು ಅಣ್ಣ ತಮ್ಮ, ಇಬ್ಬರೂ ಒಂದೇ ಪಂಪು ಫ್ಯಾಕ್ಟರಿಯಲ್ಲಿ ದುಡಿದರು, ಇಬ್ಬರಿಗೂ ಸಮನಾಗಿ ಶೇರು ಸಿಕ್ಕಿತು, ಇಬ್ಬರೂ ಅದನ್ನು ಹೆಂಡತಿಯರಿಗೆ ಬಿಟ್ಟು ಹೋದರು. ನಾನು ಕೆಳಗೆ, ವಾರಗಿತ್ತಿ ಮಹಡಿ ಮೇಲೆ. ಅವಳಿಗೆ ಬೆಳಕು, ಗಾಳಿ. ನನಗೆ ಅವಳ ಟೀವಿ ಸದ್ದು.

ಆ ಸದ್ದು ಇವತ್ತು ಇಲ್ಲ. ಇಷ್ಟು ದಿನ ನಾನು ಹಾಕಿದ ಚಾನಲ್ಲೇ ಮೇಲೂ ಕೂಗುತ್ತಿತ್ತು. ಯಾಕೆ ಆರಿಸಿದಳು?

ಜೂನ್ ೬

ಮೇಲಿನ ಕಿಟಕಿಗೆ ಹೊಸ ಕರ್ಟನ್ನು. ನೀಲಿ. ಮಾರ್ಕೆಟ್ಟು ಮಕಾಡೆ ಬಿದ್ದಿರುವಾಗ ಕರ್ಟನ್ನು ಬದಲಾಯಿಸುವಷ್ಟು ಮನಸ್ಸು ಯಾರಿಗೆ ಬರುತ್ತದೆ?

"ಅತ್ತೆ, ಅವರ ಮಗಳು ಕೊಡಿಸಿದ್ದಂತೆ," ಅಂದಳು ಸೊಸೆ.

ಕೊಡಿಸಿದಳಂತೆ! ನಂಬೋಕೆ ನಾನೇನು ತೊಟ್ಟಿಲಲ್ಲಿ ಮಲಗಿದ್ದೀನಾ?

ಮೆಟ್ಟಿಲ ಹತ್ತಿರ ಸಿಕ್ಕಳು. ಮಂಡಿ ಹಿಡಿದುಕೊಂಡು ಒಂದೊಂದೇ ಇಳಿಯುತ್ತಿದ್ದಳು.

"ಏನೇ, ಟೀವಿ ಕೆಟ್ಟಿತಾ?"

"ಇಲ್ಲ ಅಕ್ಕ. ನೋಡಿದ್ರೆ ಎದೆ ಹೊಡ್ಕೊಳ್ಳುತ್ತೆ. ನೋಡೋದೇ ಬಿಟ್ಟೆ. ಈಗ ಆರಾಮಾಗಿದೀನಿ."

ಆರಾಮಂತೆ. ಶೇರು ಇಟ್ಟುಕೊಂಡವರು ಈ ವಾರ ಯಾರಾದರೂ ಆರಾಮಾಗಿದ್ದಾರಾ? ಮಗ ಎರಡು ದಿನದಿಂದ ಗಡ್ಡ ಬೋಳಿಸಿಲ್ಲ. ಎದುರುಮನೆ ಟೈಲರು ನನ್ನ ರವಿಕೆಗೆ ಮೂರು ತೋಳು ಹೊಲಿಯುವ ಹಾಗಿದ್ದಾನೆ. ಇವಳೊಬ್ಬಳು ಆರಾಮ! ಮಾರಿದ್ದಾಳೆ. ಬೆಲೆ ಮೇಲಿದ್ದಾಗಲೇ ಮಾರಿ, ನನ್ನ ಮುಂದೆ ತುಟಿ ಪಿಟಿಕ್ಕೆನ್ನದೆ ಕೂತಿದ್ದಾಳೆ.

ಜೂನ್ ೮, ಶನಿವಾರ

ಮಾರ್ಕೆಟ್ಟಿಗೆ ರಜ. ಹೊಟ್ಟೆಯುರಿಗೆ ರಜ ಇಲ್ಲ.

ಏರುತ್ತಿದ್ದಾಗ ಎಲ್ಲರೂ ಪಂಡಿತರು. ಇಸ್ತ್ರಿಯವನೂ ನನಗೆ ಬುದ್ಧಿ ಹೇಳಿ ಹೋಗುತ್ತಿದ್ದ. ಈಗ ಎಲ್ಲರ ಬಾಯಿಗೂ ಬೀಗ. ಮಗ ಮಾತ್ರ "ಲಾಂಗ್ ಟರ್ಮ್ ನೋಡಮ್ಮ" ಅನ್ನುತ್ತಾನೆ. ಈ ವಯಸ್ಸಿಗೆ ನನಗೆಂಥ ಲಾಂಗ್ ಟರ್ಮು? ಬೆಳಿಗ್ಗೆ ಎದ್ದರೆ ಎದ್ದೆ ಅಂತ ಲೆಕ್ಕ.

ಆದರೂ ನನಗೆ ತಿಳಿಯದ್ದೇನಲ್ಲ. ಪಂಪುಗಳು ಹಾಗೇ ನೀರೆತ್ತುತ್ತಿವೆ. ನೀರು ಕೆಳಗಿರುವವರೆಗೆ ಜನ ಪಂಪು ಕೊಳ್ಳಲೇಬೇಕು. ಕಂಪನಿ ಕೆಟ್ಟಿಲ್ಲ, ಜನ ಹೆದರಿದ್ದಾರೆ ಅಷ್ಟೆ. ಹೆದರಿದವರ ಜೊತೆ ಓಡಬಾರದು, ಕೂತಿರಬೇಕು. ಇಷ್ಟು ಗೊತ್ತು ನನಗೆ. ಗೊತ್ತಿದ್ದು ಏನು ಬಂತು… ಮೇಲೆ ಅವಳು ಹಾಡು ಗುನುಗುತ್ತಿದ್ದಾಳೆ.

ಜೂನ್ ೧೩. ಮಧ್ಯಾಹ್ನ

ಮಾರಿದೆ. ಎಲ್ಲ.

ನಮ್ಮಿಬ್ಬರ ಶೇರು ನೋಡಿಕೊಳ್ಳುವ ಏಜೆಂಟನಿಗೆ ಫೋನು ಮಾಡಿದೆ. "ಅಮ್ಮಾ, ಇಷ್ಟು ಬಿದ್ದ ಮೇಲೆ ಮಾರಬೇಡಿ. ಸ್ವಲ್ಪ ತಡ್ಕೊಳ್ಳಿ," ಅಂದ.

"ದುಡ್ಡು ನಂದೋ ನಿಂದೋ?"

"ನಿಮ್ದೇ."

"ಹಾಗಾದ್ರೆ ಮಾರು. ಯಾರಿಗೂ ಹೇಳಬೇಡ. ಮೇಲಿನವಳಿಗಂತೂ ಉಸಿರು ಬಿಡಬೇಡ."

ಬೆಲೆ ನೋಡಿ ಮಾರಲಿಲ್ಲ. ಬೆಳಿಗ್ಗೆ ಅವಳು ಕರ್ಟನ್ನು ಸರಿಸಿ, ಕಿಟಕಿಯಲ್ಲಿ ಕೂತು ತಲೆ ಒಣಗಿಸಿಕೊಳ್ಳುತ್ತಿದ್ದಳು. ಅದು ನೋಡಿ ಮಾರಿದೆ. ಅವಳೊಬ್ಬಳೇ ಯಾಕೆ ಆರಾಮಾಗಿರಬೇಕು?

ಮಗನ ಮುಂದೆ ಕೈ ಚಾಚದೆ ಇದ್ದದ್ದು ಈ ಶೇರಿನಿಂದ. ಈಗ ಉಳಿದದ್ದು ಅರ್ಧ. ಆರಾಮ ಬರಲಿಲ್ಲ.

ಜೂನ್ ೧೪

ಏರಿತು.

ಥೂ.

ಜೂನ್ ೧೯. ಸಂಜೆ

ನಾಲ್ಕು ದಿನ ಪೆನ್ನು ಮುಟ್ಟಲಿಲ್ಲ. ಮಾರ್ಕೆಟ್ಟು ತೆಗೆದ ದಿನವೆಲ್ಲ ಏರಿತು. ಶೇರಿಲ್ಲದಿದ್ದರೂ ಟೀವಿ ಆರಿಸಲಿಲ್ಲ. ಹುಣ್ಣನ್ನು ಕೆರೆದುಕೊಳ್ಳುವ ಹಾಗೆ ನೋಡುತ್ತಾ ಕೂತಿದ್ದೆ.

ಇವತ್ತು ವಾರಗಿತ್ತಿ ಕೆಳಗೆ ಬಂದಳು. ಕೈಯಲ್ಲಿ ಒಂದು ಚೀಲ ಹಣ್ಣು. ನನ್ನ ಕಾಲ ಹತ್ತಿರ ಕೂರೋಕೆ ಹೋದಳು, ಮಂಡಿ ಬಗ್ಗಲಿಲ್ಲ, ಕುರ್ಚಿ ಎಳೆದುಕೊಂಡಳು.

"ಅಕ್ಕ, ನಿಮ್ಮಿಂದ ನಾನು ಉಳಕೊಂಡೆ."

"ನಾನೇನು ಮಾಡಿದೆ?"

"ದಿನಾ ಮಾರಿಬಿಡೋಣ ಅನ್ನಿಸ್ತಿತ್ತು. ಆದ್ರೆ ಕೆಳಗೆ ನಿಮ್ಮ ಟೀವಿ ಕೇಳಿಸ್ತಿತ್ತಲ್ಲ. ಅಕ್ಕ ಜಗ್ಗದೆ ಕೂತಿದಾರೆ, ಅವರಿಗೆ ತಿಳಿಯದ್ದು ನನಗೇನು ತಿಳಿದೀತು ಅಂತ ಸುಮ್ಮನಾದೆ."

ಅವಳು ಮಾರಿಯೇ ಇರಲಿಲ್ಲ! ಅವಳ ಆರಾಮು ನಾನೇ. ನಾನು ಅದನ್ನು ನೋಡಿ ಹೊಟ್ಟೆ ಉರಿಸಿಕೊಂಡು… ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

"ಈಗ ಹೇಳಿ ಅಕ್ಕ. ಮುಂದಿನ ತಿಂಗಳು ಮಂಡಿ ಆಪರೇಶನ್ನಿಗೆ ದಿನ ಕೊಟ್ಟಿದಾರೆ. ಮಾರಲೋ, ಇನ್ನೂ ಏರುತ್ತೋ?"

ಏರುವುದಿಲ್ಲ. ಇದು ಬಿದ್ದ ಚೆಂಡು ಪುಟಿದ ಹಾಗೆ, ಅಷ್ಟೆ. ಜನರ ಹೆದರಿಕೆ ಹೋಗಿಲ್ಲ, ಇನ್ನೂ ಇಳಿಯುತ್ತದೆ. ನಾಲಿಗೆ ತುದಿಗೆ ಬಂದಿತ್ತು.

"ನಾಳೆ ನೋಡೋಣ," ಅಂದೆ.

ಹಣ್ಣು ಮಾತ್ರ ಚೆನ್ನಾಗಿತ್ತು. ಅದೂ ಬೇಜಾರು.

ಜೂನ್ ೨೦. ಬೆಳಿಗ್ಗೆ ಹನ್ನೊಂದು

ಮಾರದೆ ಇರು ಅಂದರೆ ಇರುತ್ತಾಳೆ. ಬೀಳುತ್ತದೆ. ಇಬ್ಬರೂ ಸಮ. ಮಾರು ಅಂದರೆ ಅವಳಿಗೆ ನನಗೆ ಬಂದದ್ದರ ಒಂದೂವರೆ ಪಟ್ಟು. ಮನೆಯೂ ಮೇಲೆ, ದುಡ್ಡೂ ಮೇಲೆ, ಮಂಡಿಯೂ ಹೊಸದು.

ಪಂಪು ಇಳಿಯತೊಡಗಿದೆ.

ಏಜೆಂಟನ ಫೋನು. "ಅಮ್ಮಾ, ಮೇಲಿನ ಅಮ್ಮ 'ಅಕ್ಕ ಹೂಂ ಅಂದ್ರೆ ಮಾರಿಬಿಡಿ' ಅಂದಿದಾರೆ. ಇಳೀತಾ ಇದೆ. ಬೇಗ ಹೇಳಿ."

ಮೇಲೆ ಅವಳು ನಡೆದಾಡುವ ಸದ್ದು. ಒಂದು ಕಾಲು ಊರುವುದು, ಇನ್ನೊಂದನ್ನು ಎಳೆಯುವುದು.

"ಮಾರಪ್ಪ," ಅಂದೆ. ನನ್ನನ್ನು ಕೇಳಿ ಬಂದ ಮಾತಲ್ಲ.

ಅದೇ ದಿನ, ಸಂಜೆ

ಮಧ್ಯಾಹ್ನದ ಹೊತ್ತಿಗೆ ಪೂರಾ ಕುಸಿಯಿತು. ನಾನು ಅಂದುಕೊಂಡ ಹಾಗೇ. ಮೆಚ್ಚಿಕೊಳ್ಳಲು ಯಾರೂ ಇಲ್ಲ.

ಮೇಲೆ ಹತ್ತಿ ಹೋದೆ. ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಮಾರಿಸಿ ಉಳಿಸಿದಿರಿ ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಕೇಳಿದಳು:

"ನಿಮ್ದೂ ಇದೇ ರೇಟಿಗೆ ಹೋಯ್ತಲ್ಲ ಅಕ್ಕ?"

ಹೂಂ ಅಂದಿದ್ದರೆ ಮುಗಿದಿತ್ತು. ಏಜೆಂಟ ಬಾಯಿ ಬಿಡುವವನಲ್ಲ. ಆದರೆ ಅವಳು ಎಂದಾದರೂ ತಿಳಿದು, ಒಳಗೊಳಗೇ ಅಯ್ಯೋ ಪಾಪ ಅಂದುಕೊಂಡರೆ? ಅದಕ್ಕಿಂತ ಎದುರಿಗೇ ಆಗಲಿ. ಹೇಳಿದೆ. ಯಾವಾಗ ಮಾರಿದ್ದು, ಎಷ್ಟಕ್ಕೆ, ಯಾರನ್ನು ನೋಡಿ. ಎಲ್ಲ.

ನಗುತ್ತಾಳೆ ಅಂದುಕೊಂಡೆ. ನಕ್ಕಿದ್ದರೆ ಬೈದು ಇಳಿದು ಬರುತ್ತಿದ್ದೆ. ನಗಲಿಲ್ಲ. ಬಟ್ಟೆ ಬಕೆಟ್ಟಿಗೆ ಹಾಕಿ ಕೈ ಒರೆಸಿಕೊಂಡಳು.

"ನನ್ನನ್ನ ನೋಡಿ ಕಳಕೊಂಡಿರಿ, ನಿಮ್ಮನ್ನ ನೋಡಿ ನಾನು ಉಳಿಸ್ಕೊಂಡೆ. ಆ ನಷ್ಟದಲ್ಲಿ ಅರ್ಧ ನಂದು ಅಕ್ಕ. ಆಪರೇಶನ್ನಿಗೆ ತೆಗೆದಿಟ್ಟು ಉಳಿದದ್ದರಲ್ಲಿ ಕೊಡ್ತೀನಿ."

"ಬೇಕಾಗಿಲ್ಲ ಕಣೇ!" ಅಂದು ದಡದಡ ಇಳಿದು ಬಂದೆ.

ನೋಡಿದೆಯಾ ಅವಳನ್ನು? ಬೆಳಕು ಅವಳದು, ಗಾಳಿ ಅವಳದು, ಲಾಭ ಅವಳದು. ಈಗ ನನ್ನ ನಷ್ಟವನ್ನೂ ನನಗೆ ಪೂರ್ತಿ ಬಿಡುವುದಿಲ್ಲ. ಬಂದರೆ ಬಾಗಿಲು ತೆಗೆಯುವುದಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ. ಅವಳೇ. ಈ ಮಂಡಿ ಇಟ್ಟುಕೊಂಡು ಇಷ್ಟು ಬೇಗ ಇಳಿಯಬಾರದು, ಬಿದ್ದುಗಿದ್ದರೆ… ಏ, ನಿಲ್ಲೇ ಅಲ್ಲೇ, ನಾನೇ ಬರ್ತೀನಿ…