ಬನ್ನೇರುಘಟ್ಟದಲ್ಲಿ ಹಾಕಿದ ಕೂ

ಕಳಸ,
೨೮ನೇ ಡಿಸೆಂಬರ್ ೧೯೪೦

ಪ್ರೀತಿಯ ಉಮಾ ಅಣ್ಣನಿಗೆ,

ತಂಗಿ ತ್ರಿಪುರಸುಂದರಿಯ ನಮಸ್ಕಾರಗಳು. ರಜೆಗೆ ನಿನ್ನನ್ನು ಮನೆಗೆ ಬಾರದಂತೆ ತಡೆದ ಆ ಕೆಮ್ಮು ಈಗ ಹೇಗಿದೆ? ಅಮ್ಮ ಕಾಳುಮೆಣಸಿನ ಕಷಾಯದ ಪುಡಿ ಕಟ್ಟಿಟ್ಟಿದ್ದಾಳೆ. ಇಲ್ಲಿ ಎಲ್ಲರೂ ಕ್ಷೇಮ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಡೀ ತರಗತಿಗೆ ನಾನೇ ಮೊದಲು. ಇದನ್ನು ಮುಂಚೆಯೇ ಬರೆದುಬಿಡುತ್ತೇನೆ, ಏಕೆಂದರೆ ಮುಂದಿನದು ಅಷ್ಟು ಹೆಮ್ಮೆಯ ಸುದ್ದಿಯಲ್ಲ.

ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ತರಗತಿ ಬನ್ನೇರುಘಟ್ಟದ ಕಾಡಿಗೆ ಹೊರಟಾಗ, “ಮನೆ ಹಿಂದೆಯೇ ಕಾಡಿದೆ, ಬೆಂಗಳೂರಿನವರ ಕಾಡು ಬೇರೆ ನೋಡಬೇಕಾ?” ಎಂದು ಅಪ್ಪಯ್ಯ ಬೇಡವೆಂದದ್ದೂ, ನೀನು ಅನುಮತಿ ಪತ್ರಕ್ಕೆ ಅವರ ಸಹಿಯನ್ನು ಅವರಿಗಿಂತ ಅಂದವಾಗಿ ಹಾಕಿಕೊಟ್ಟದ್ದೂ ನಮ್ಮಿಬ್ಬರಿಗೇ ಗೊತ್ತಿದ್ದ ವಿಷಯ. ಅಲ್ಲಿ ನಡೆದದ್ದನ್ನು ನಿನಗೂ ಪೂರ್ತಿ ಹೇಳಿರಲಿಲ್ಲ. ಮಲೆನಾಡಿನವಳೆಂಬ ಜಂಬದಿಂದ ನಾಲ್ವರು ಗೆಳತಿಯರನ್ನು ಕಾಲುದಾರಿ ಬಿಡಿಸಿ ಕರೆದೊಯ್ದೆ. ದಾರಿ ತಪ್ಪಿದ ಮೇಲೂ, ಹಳ್ಳದ ಗುಂಟ ಇಳಿದರೆ ಊರು ಸಿಕ್ಕೇ ಸಿಗುತ್ತದೆಂದು ಪಾಠ ಹೇಳಿದೆ. ನಮ್ಮ ಭದ್ರಾ ಹೊಳೆಯ ಕಡೆ ಅದು ನಿಜ. ಅಲ್ಲಿಯ ಹಳ್ಳದಲ್ಲಿ ನೀರೇ ಇಲ್ಲ. ಮರಳು ತುಳಿಯುತ್ತಾ ನಡೆದು, ಆನೆಗಳು ನೀರು ಕುಡಿಯುವ ಹೊಂಡದ ಅಂಚಿಗೆ ಬಂದೆವು. ಲದ್ದಿ ಇನ್ನೂ ಹಸಿಯಾಗಿತ್ತು. “ಏನೇ ಸುಂದರಿ, ಇದೇನಾ ನೀ ಹೇಳಿದ ಊರು?” ಎಂದ ಅಂಬುಜಾ ಮರುಕ್ಷಣವೇ ಅತ್ತುಬಿಟ್ಟಳು.

ನಾನು ಬಾಯಿಪಾಠ ಮಾಡಿದ್ದ ಲ್ಯಾಟಿನ್ ಹೆಸರುಗಳಾವುವೂ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಬಂದದ್ದು ನಮ್ಮ ತೋಟದ ಸಿದ್ದಮ್ಮನ ವಿದ್ಯೆ. ಕಾಫಿ ಕೊಯ್ಯುವ ಹೆಂಗಸರು ಆಳೆತ್ತರದ ಗಿಡಗಳ ನಡುವೆ ಒಬ್ಬರಿಗೊಬ್ಬರು ಕಾಣದಾದಾಗ ‘ಕೂ’ ಹಾಕುವುದು, ಮರಳಿ ‘ಕೂ’ ಬಾರದಿದ್ದರೆ ಹುಡುಕಿ ಹೊರಡುವುದು ನಿನಗೆ ಗೊತ್ತೇ ಇದೆ. ಚಿಕ್ಕಂದಿನಲ್ಲಿ ನಾನು ಹಾಗೆ ಮಾಡಿದಾಗ, ಓದುವ ಹುಡುಗಿಗೆ ಇದು ಶೋಭಿಸದೆಂದು ಅಪ್ಪಯ್ಯ ಗದರಿದ್ದರು. ಆ ಹೊಂಡದ ಅಂಚಿನಲ್ಲಿ ನಿಂತು ಗಂಟಲು ಕಟ್ಟುವವರೆಗೆ ಅದೇ ಕೂ ಹಾಕಿದೆ. ಕಾಡಿನ ಕಾವಲುಗಾರ ಗಿಡ್ಡಪ್ಪ ಓಡಿಬಂದು, “ಯಾರವ್ವಾ ಕೂಗಿದ್ದು? ಇನ್ನೊಂದ್ ಸಲ ಕೂಗಿದ್ರೆ ಆನೇನೇ ಹೆದ್ರಕಂಡು ಓಡ್ತಿತ್ತು!” ಎಂದು ನಮ್ಮನ್ನು ದಾರಿಗೆ ಸೇರಿಸಿದ.

ನಿನ್ನೆ ಕಾಲೇಜಿನಿಂದ ಅಪ್ಪಯ್ಯನಿಗೆ ಪತ್ರ ಬಂದಿತು: ‘ತಾವು ಸಹಿ ಮಾಡಿದ ಅನುಮತಿಯಂತೆ ಬಂದ ತಮ್ಮ ಮಗಳು…’ ಒಂದು ದೂರು ಬಂದರೂ ಓದು ಬಿಡಿಸುವೆನೆಂದು ಅವರು ಮೊದಲೇ ಹೇಳಿದ್ದರು. ಆದರೂ ಮತ್ತೊಂದು ಸುಳ್ಳು ಸೇರಿಸಲಾರದೆ ಎಲ್ಲವನ್ನೂ ಹೇಳಿದೆ, ಸಹಿಯನ್ನೂ. ಅಪ್ಪಯ್ಯ ಪತ್ರವನ್ನು ಮಡಚಿಟ್ಟು, “ಎಲ್ಲಿ, ಆ ಕೂ ಹಾಕು ನೋಡೋಣ” ಎಂದರು. ಜಗಲಿಯಲ್ಲಿ ನಿಂತು ಹಾಕಿದೆ. ತೋಟದ ಇಳಿಜಾರಿನಿಂದ ಮೊದಲು ಒಂದು, ಆಮೇಲೆ ಹತ್ತು ದನಿಗಳು ಓಗೊಟ್ಟವು. ಕಡೆಗೆ ಸಿದ್ದಮ್ಮ, “ಸುಂದ್ರಮ್ಮಾ, ಮನೆ ಜಗಲೀಲೇ ದಾರಿ ತಪ್ಪಿದ್ರಾ ಮಾರಾಯ್ರೇ?” ಎಂದು ಕೂಗಿದಳು. ಅಪ್ಪಯ್ಯ ನಕ್ಕುಬಿಟ್ಟರು. ಅಣ್ಣಾ, ಆ ಕಾಡಿನಿಂದ ಬಂದು ಮೂರು ವಾರವಾದ ಮೇಲೆ ನಿನ್ನೆ ನಾನು ಹೊಟ್ಟೆ ತುಂಬ ಉಂಡೆ.

ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ.

ನಿನ್ನ ತಂಗಿ,
ತ್ರಿಪುರಸುಂದರಿ

ಮರೆತಿದ್ದೆ: ಫೆಬ್ರವರಿಯ ಪ್ರವಾಸದ ಅನುಮತಿ ಪತ್ರಕ್ಕೆ ಅಪ್ಪಯ್ಯ ತಾವೇ ಸಹಿ ಹಾಕಿದ್ದಾರೆ, ನಿನ್ನದರಷ್ಟು ಅಂದವಾಗಿಲ್ಲ. “ಅವನ ಕೆಮ್ಮು ಇನ್ನು ವಾಸಿಯಾಗಬಹುದಲ್ಲ, ಬರಹೇಳು” ಎಂದಿದ್ದಾರೆ. ಬಾ ಅಣ್ಣಾ, ಬೈಯುವುದಿಲ್ಲವಂತೆ.