ಆಪರೇಷನ್ನಿಗೆ ಮೊದಲು ನಾನು ಕುಡಿಸಿದ ಗಂಜಿ

ಮಾನ್ಯ ಆಸ್ಪತ್ರೆ ಸೂಪರಿಂಟೆಂಡೆಂಟರೇ,

ನಿಮ್ಮ ವಾರ್ಡಿನಲ್ಲಿ ನನ್ನ ತಮ್ಮನ ಪ್ರಾಣಕ್ಕೆ ಕುತ್ತು ತಂದವಳು ನಾನೇ. ಒಪ್ಪಿಕೊಂಡೇ ಮಾತು ಶುರುಮಾಡುತ್ತೇನೆ. ಆದರೆ ಅಷ್ಟನ್ನೂ ನನ್ನೊಬ್ಬಳ ತಲೆಗೆ ಕಟ್ಟಿ ನೀವು ಕೈತೊಳೆದುಕೊಳ್ಳುವಂತಿಲ್ಲ.

ಇಲ್ಲಿಯ ಬಾಲಿಗಂಜ್ ಬಡಾವಣೆಯಲ್ಲಿ ಇಡ್ಲಿ-ದೋಸೆಯ ಹೋಟೆಲು ನಡೆಸುವ ತಮ್ಮ ಶ್ಯಾಮಸುಂದರನನ್ನು ಸೋಮವಾರ ಬೆಳಿಗ್ಗೆ ಹೊಟ್ಟೆನೋವೆಂದು ಸೇರಿಸಿಕೊಂಡಿರಿ. ಅಪೆಂಡಿಕ್ಸ್, ಮಧ್ಯಾಹ್ನವೇ ಆಪರೇಷನ್ ಎಂದರು. ಸಿಸ್ಟರ್ ಬಂದು ನಾಡಿ ಹಿಡಿದರು, ಜ್ವರ ನೋಡಿದರು, ಮಂಚಕ್ಕೆ ಒಂದು ಇಂಗ್ಲಿಷ್ ಹಲಗೆ ತೂಗುಹಾಕಿ ಹೊರಟರು. ಏನದು ಎಂದು ಹರಕು ಹಿಂದಿಯಲ್ಲಿ ಕೇಳಿದೆ. "ಲೇಖಾ ಆಛೇ ತೋ!" ಅಂದರು. ಬರೆದಿದೆಯಲ್ಲ! ಹೌದು, ಬರೆದಿದೆ. ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು, ಅದೂ ಕನ್ನಡದಲ್ಲಿ. ನಲವತ್ತು ಮಂಚಕ್ಕೆ ಅವರೊಬ್ಬರೇ. ಅವರ ಮೇಲೆ ನನಗೆ ಸಿಟ್ಟಿಲ್ಲ, ಒಬ್ಬರನ್ನೇ ಓಡಾಡಿಸುವ ನಿಮ್ಮ ಮೇಲಿದೆ.

"ಅಕ್ಕಾ, ಬಾಯಿ ಒಣಗಿ ಹೋಯ್ತು ಮಾರಾಯ್ತಿ, ಏನಾದ್ರೂ ಕೊಡು" ಎಂದ ತಮ್ಮ. ಖಾಲಿ ಹೊಟ್ಟೆಯವ ಕತ್ತಿಯನ್ನು ಹೇಗೆ ತಾಳಿಯಾನು? ಕೃಷ್ಣನ ಹೆಸರು ಹೇಳಿ ಒಂದು ಲೋಟ ಗಂಜಿ ಕುಡಿಸಿದೆ. ಡಾಕ್ಟರು ಬಂದು "ಕಿಸ್ನೇ ಖಿಲಾಯಾ?" ಎಂದು, ತಿನ್ನಿಸಿದವರು ಯಾರೆಂದು, ಗುಡುಗಿದಾಗ ಶಾಲೆಯ ಹುಡುಗಿಯಂತೆ ಕೈಯೆತ್ತಿದೆ. ಹೊಟ್ಟೆಯಲ್ಲಿ ಗಂಜಿಯಿದ್ದು ಮದ್ದು ಕೊಟ್ಟು ಮಲಗಿಸಿದರೆ ಅದು ವಾಂತಿಯಾಗಿ ಉಸಿರಿನ ದಾರಿಗೆ ಇಳಿಯುತ್ತದಂತೆ. ಬಾಯಿಗೆ ಏನೂ ಕೊಡಕೂಡದೆಂದೇ ಆ ಹಲಗೆಯಲ್ಲಿ ಬರೆದಿತ್ತಂತೆ. ಆಪರೇಷನ್ ಸಂಜೆಗೆ ಹೋಯಿತು. ಅಷ್ಟರಲ್ಲಿ ಅಪೆಂಡಿಕ್ಸ್ ಒಳಗೇ ಒಡೆದಿತ್ತು. ಇವತ್ತು ಆರನೇ ದಿನ. ಹೊಟ್ಟೆಗೆ ರಬ್ಬರ್ ನಳಿಗೆ ಇಟ್ಟಿದ್ದಾರೆ. ಕೀವು ನಿಂತಿಲ್ಲ, ಜ್ವರ ಇಳಿದಿಲ್ಲ.

ಮೂವತ್ತು ವರ್ಷದಿಂದ ಏಕಾದಶಿಗೆ ನಾನು ಹನಿ ನೀರು ಮುಟ್ಟಿದವಳಲ್ಲ. ನಿಮ್ಮೂರಿನ ವಿಧವೆಯರೂ ಹಾಗೆಯೇ. ಉಪವಾಸವನ್ನು ನಮಗೆ ಕಲಿಸಬೇಕೇ? "ಇವನಿಗೆ ಉಪವಾಸ, ನೀರೂ ಇಲ್ಲ" ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ, ಬ್ರಹ್ಮ ಬಂದು ಬೇಡಿದರೂ ಒಂದು ತೊಟ್ಟು ಬಿಡುತ್ತಿರಲಿಲ್ಲ. ಹಲಗೆ ಬರೆಯಲು ಜನ ಇದ್ದಾರೆ. ಎರಡು ಮಾತು ಹೇಳಲು ಇಡೀ ಆಸ್ಪತ್ರೆಯಲ್ಲಿ ಒಂದು ನಾಲಿಗೆ ಇಲ್ಲವೇ?

ನಿನ್ನೆ ಪಕ್ಕದ ಮಂಚಕ್ಕೆ ಖಿದಿರ್‌ಪುರ ಬಂದರಿನ ಹಮಾಲಿಯೊಬ್ಬ ಹೊಟ್ಟೆ ಹಿಡಿದುಕೊಂಡು ಬಂದ. ಅವನ ಹೆಂಡತಿ ಸೆರಗಿನ ಮರೆಯಿಂದ ಹಾಲು ತೆಗೆದಳು. ಓಡಿಹೋಗಿ ಕೈ ಹಿಡಿದೆ. "ತೂ ಕೌನ್ ಹೋತೀ ಹೈ?" ಎಂದು ಕಿರುಚಿದಳು. ನೀನ್ಯಾರು ಕೇಳಲಿಕ್ಕೆ? ಆದರೂ ಡಾಕ್ಟರು ಬರುವ ತನಕ ಕೈ ಬಿಡಲಿಲ್ಲ.

ಪ್ರತಿ ಪಾಳಿಯಲ್ಲೂ ಒಬ್ಬರನ್ನು ನೇಮಿಸಿ. ಹೊಟ್ಟೆನೋವಿನ ರೋಗಿಯ ಮನೆಯವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿಸಿ, ಅವರ ಬಾಯಿಂದ ತಿರುಗಿ ಹೇಳಿಸಿಕೊಳ್ಳಿ. ತಿಳಿದವರಿಂದ ಬರೆಸಿದ ಇದರ ಬಂಗಾಳಿ ಪ್ರತಿ ನಿಮ್ಮ ಮೇಜಿನ ಮೇಲಿದೆ. ಕನ್ನಡದ್ದನ್ನು ನಮ್ಮ ಹೆಂಗಸರೂ ಓದಲೆಂದು ಇಲ್ಲಿಯ ಕನ್ನಡ ಸಂಘದ ಪತ್ರಿಕೆಗೆ ಕೊಟ್ಟಿದ್ದೇನೆ. ನಿಮ್ಮವರು ಬರುವ ತನಕ ವಾರ್ಡಿನ ಬಾಗಿಲಲ್ಲಿ ನಾನೇ ಕೂರುತ್ತೇನೆ. ಭೇಟಿಯ ಹೊತ್ತು ಮುಗಿಯಿತೆಂದು ಬಾಗಿಲು ಕಾಯುವ ದರವಾನನಿಂದ ಎಬ್ಬಿಸಬೇಡಿ.

ಇಂತಿ,
ತಮ್ಮನ ಮುಖವೆತ್ತಿ ನೋಡಲಾರದ ಅಕ್ಕ,
ಪಾರ್ವತಿ
ಕಲಕತ್ತಾ, 1973